ಬಿದ್ದ ಬೆಕ್ಕು, ಗುಜರಿಗೆ ಹೋದ ಗಾಡಿ

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ರಸ್ತೆಯ ಪಕ್ಕದಲ್ಲೊಂದು ತಗಡಿನ ಶೆಡ್ಡಿನ ಗ್ಯಾರೇಜು. ಮೆಕ್ಯಾನಿಕ್ಕು ಹಳೇ ಸ್ಕೂಟರೊಂದರ ಕಾರ್ಬೊರೇಟರ್ ಬಿಚ್ಚಿ, ಜೆಟ್ಟಿಗೆ ಬಾಯಿಟ್ಟು ಊದುತ್ತಿದ್ದಾನೆ. ಸ್ಕೂಟರಿನ ಒಡತಿ, ಒಂಬತ್ತನೇ ಕ್ಲಾಸಿನಲ್ಲಿ ಅವನಿಗೆ ವಿಜ್ಞಾನ ಹೇಳಿದ ನಿವೃತ್ತ ಮೇಡಂ, ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ. ತಗಡಿನ ಮೇಲಿಂದ ಗ್ಯಾರೇಜಿನ ಬೆಕ್ಕು ಆಯಿಲ್ ಡಬ್ಬದ ಪಕ್ಕಕ್ಕೆ ಧುಮುಕಿದಾಗ ಮಾತು ಶುರುವಾಯಿತು.

— ನೋಡಿ ಮೇಡಂ, ದಿನಾ ಇದೇ ಕೆಲಸ ಇದಕ್ಕೆ. ಹನ್ನೆರಡು ಅಡಿ ಮೇಲಿಂದ ಬೀಳುತ್ತೆ, ಏನೂ ಆಗೇ ಇಲ್ಲ ಅನ್ನೋ ಹಂಗೆ ಕಾಲು ನೆಕ್ಕೊಂಡು ಕೂರುತ್ತೆ. ನಾನು ಮೊನ್ನೆ ಲಾರಿ ಫುಟ್‌ಬೋರ್ಡಿಂದ ಜಾರಿದ್ದಕ್ಕೆ ಹದಿನೈದು ದಿನ ಕುಂಟಿದೆ.

— ನಮ್ಮನೆಯದು ಆರನೇ ಮಹಡಿಯಿಂದ ಬಿತ್ತು ಕಣೋ.

— ಎಲ್ಲಿ? ನಿಮ್ಮನೆ ಹೆಂಚಿನ ಮನೆ ಅಲ್ವಾ?

— ಈಗ ದೇವನಹಳ್ಳಿ ಕಡೆ ಮಗಳ ಫ್ಲಾಟಿನಲ್ಲಿದ್ದೀನಿ. ಬೆಕ್ಕನ್ನೂ ಕರ್ಕೊಂಡು ಹೋದೆ. ಬಾಲ್ಕನಿಯಲ್ಲಿ ಪಾರಿವಾಳ ಕಂಡಿತು, ಹೋಯ್ತು.

— ಸತ್ತೋಯ್ತಾ?

— ಇಲ್ಲ. ಕೆಳದವಡೆ ಸೀಳಿತ್ತು, ತಂತಿ ಹಾಕಿ ಕಟ್ಟಿದ್ದಾರೆ. ಎದೆಗೂಡಿನಲ್ಲಿ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿತ್ತು, ಸೂಜಿ ಚುಚ್ಚಿ ಎಳೆದು ತೆಗೆದರು. ಈಗ ಸಿರಿಂಜಿನಲ್ಲಿ ಸಾರು ಕುಡಿಸ್ತಿದ್ದೀವಿ. ಅದರ ಮುಖ ನೋಡಿದರೆ ತಪ್ಪೆಲ್ಲಾ ನನ್ನದೇ ಅನ್ನೋ ಹಾಗಿದೆ.

— ಬಚಾವಾಯ್ತಲ್ಲ, ಬಿಡಿ. ಬೆಕ್ಕಲ್ವಾ. ಎಲ್ಲಿಂದ ಎಸೆದ್ರೂ ಕಾಲ ಮೇಲೇ ಬೀಳುತ್ತೆ. ನಾನು ಸ್ಕೂಲಲ್ಲಿ ನೀರಿನ ಟ್ಯಾಂಕ್ ಮೇಲಿಂದ ಬೆಕ್ಕು ಬಿಟ್ಟು ನೋಡಿದ್ದಕ್ಕೆ ನೀವು ಬೆತ್ತ ಮುರಿಯೋ ಹಂಗೆ ಬಾರಿಸಿದ್ರಿ, ನೆನಪಿದೆಯಾ?

— ನೆನಪಿದೆ. ಹುಡುಗರಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ. ಅವತ್ತು ನೀನು ಅಳ್ತಾ ಒಂದು ಪ್ರಶ್ನೆ ಕೇಳಿದೆ. ಅದು ಮಾತ್ರ ಇವತ್ತಿಗೂ ತಲೆಯಲ್ಲಿದೆ.

— ಏನು ಕೇಳಿದ್ದೆ?

— ‘ಗಾಳಿಯಲ್ಲಿ ಹಿಡಿಯೋಕೆ ಏನೂ ಇಲ್ವಲ್ಲ ಮೇಡಂ, ಅದು ಯಾವುದನ್ನ ಒದ್ದು ತಿರುಗಿತು?’ ಅಂದೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಇನ್ನೆರಡು ಏಟು ಜಾಸ್ತಿ ಬಿತ್ತೋ ಏನೋ.

— ಈಗ ಗೊತ್ತಾ?

— ಬೆಕ್ಕು ಆಸ್ಪತ್ರೆಯಲ್ಲಿದ್ದ ವಾರ ಪೂರ್ತಿ ಅದನ್ನೇ ಓದಿದೆ. ಬೇರೆ ಏನೂ ಮಾಡೋಕೆ ತೋಚಲಿಲ್ಲ. ನಿನ್ನ ಪ್ರಶ್ನೆ ದೊಡ್ಡ ದೊಡ್ಡವರನ್ನೇ ಕಾಡಿದೆ ಕಣೋ. 1894ರಲ್ಲಿ ಪ್ಯಾರಿಸ್ಸಿನಲ್ಲಿ ಎಟಿಯೆನ್ ಜೂಲ್ ಮಾರೆ ಅನ್ನೋ ವಿಜ್ಞಾನಿ ಒಂದು ಬೆಕ್ಕನ್ನ ನಾಲ್ಕೂ ಕಾಲು ಹಿಡಿದು, ಬೆನ್ನು ಕೆಳಗೆ ಮಾಡಿ ಬಿಟ್ಟ. ಬೀಳೋವಾಗ ಒಂದರ ಹಿಂದೆ ಒಂದು ಸರಸರ ಫೋಟೊ ತೆಗೆದ. ಅಲ್ಲಿಯ ಪಂಡಿತರ ವಾದ ಏನಪ್ಪಾ ಅಂದರೆ, ಬಿಡೋ ಗಳಿಗೆಯಲ್ಲಿ ಬೆಕ್ಕು ಕೈಯನ್ನ ಒದ್ದುಕೊಂಡು ತಿರುಗುತ್ತೆ ಅಂತ. ಫೋಟೊದಲ್ಲಿ ಹಾಗೆ ಏನೂ ಇರಲಿಲ್ಲ. ಬಿಟ್ಟಾಗ ಮೈ ಒಂಚೂರೂ ತಿರುಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ, ಬರೀ ಗಾಳಿಯಲ್ಲಿ, ತಾನೇ ತಿರುಗಿಕೊಂಡಿತ್ತು.

— ಅದೇ ಹೆಂಗೆ?

— ಕಟಿಂಗ್ ಶಾಪಿನ ತಿರುಗೋ ಕುರ್ಚಿಯಲ್ಲಿ ಕೂತಿದ್ದೀಯಾ? ಎರಡು ಕೈಯಲ್ಲೂ ಭಾರದ ಸ್ಪ್ಯಾನರ್ ಹಿಡಿದು, ಕೈ ಚಾಚಿ ಬಲಕ್ಕೆ ಬೀಸು. ಕುರ್ಚಿ ಎಡಕ್ಕೆ ತಿರುಗುತ್ತೆ. ಈಗ ಕೈ ಎದೆಗೆ ಎಳ್ಕೊಂಡು ಮೊದಲಿನ ಜಾಗಕ್ಕೆ ತಿರುಗು. ಕುರ್ಚಿ ವಾಪಸ್ ಬರುತ್ತೆ, ಆದರೆ ಅಷ್ಟು ಬರಲ್ಲ. ಉಳಿದದ್ದು ನಿನಗೆ ಲಾಭ. ನೆಲ ಮುಟ್ಟದೇ ತಿರುಗಿದ ಹಾಗಾಯ್ತು. ಬೆಕ್ಕು ಮುಂಗಾಲು ಮಡಚಿ, ಹಿಂಗಾಲು ಚಾಚಿ ಮೊದಲು ಎದೆ ಭಾಗ ತಿರುಗಿಸುತ್ತೆ. ಆಮೇಲೆ ಮುಂಗಾಲು ಚಾಚಿ, ಹಿಂಗಾಲು ಮಡಚಿ ಸೊಂಟ ತಿರುಗಿಸುತ್ತೆ.

— ಒದ್ದೆ ಪಂಚೆ ಹಿಂಡಿದಂಗೆ.

— ಹಾಗೇ. ಆದರೆ ಅದಷ್ಟೇ ಅಲ್ಲ. ನೀನು ಲಾರಿ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿದ್ದೀಯಲ್ಲ?

— ದಿನಾ ಬಿಚ್ಚೋದೇ.

— ಅದರ ಎರಡು ತುಂಡು ನೇರ ಒಂದೇ ಗೆರೆಯಲ್ಲಿರುತ್ತಾ?

— ಎಲ್ಲಿ ಇರುತ್ತೆ. ಗೇರ್‌ಬಾಕ್ಸು ಮೇಲೆ, ಹಿಂದಿನ ಆಕ್ಸಲ್ಲು ಕೆಳಗೆ. ಬಾಗಿರುತ್ತೆ. ಅದಕ್ಕೇ ಮಧ್ಯೆ ಯೂನಿವರ್ಸಲ್ ಜಾಯಿಂಟು ಹಾಕೋದು. ಎರಡೂ ತುಂಡು ತಿರುಗ್ತಾನೇ ಇರ್ತವೆ, ಬಾಗಿದ್ದು ಹಂಗೇ ಬಾಗಿರುತ್ತೆ.

— ಬೆಕ್ಕಿನ ಸೊಂಟ ಆ ಜಾಯಿಂಟು. ಮೈಯನ್ನ ನಡುವಲ್ಲಿ ಬಗ್ಗಿಸಿ, ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಒಂದೇ ಕಡೆಗೆ ಉರುಳಿಸುತ್ತೆ. ಇಡೀ ಮೈ ಮಾತ್ರ ಸ್ವಲ್ಪ ಉಲ್ಟಾ ಕಡೆಗೆ ಸರಿಯುತ್ತೆ. ಕೂಡಿ ಕಳೆದರೆ ತಿರುಗೋ ರಭಸದ ಲೆಕ್ಕ ಸೊನ್ನೆ. ಪ್ರಕೃತಿಗೆ ಮೋಸ ಇಲ್ಲ, ಬೆಕ್ಕಿಗೆ ನಷ್ಟ ಇಲ್ಲ. 1969ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೇನ್ ಮತ್ತು ಶೆರ್ ಅನ್ನೋರು ಎರಡು ಕೊಳವೆ ಜೋಡಿಸಿದ ಹಾಗೆ ಬೆಕ್ಕನ್ನ ಕಲ್ಪಿಸಿಕೊಂಡು ಪೂರಾ ಗಣಿತ ಬರೆದರು. ಅಮೆರಿಕದ ನಾಸಾಕ್ಕೂ ಇದರಲ್ಲಿ ಆಸಕ್ತಿ ಇತ್ತು. ಗಗನಯಾತ್ರಿಗೂ ಅಲ್ಲಿ ಒದೆಯೋಕೆ ನೆಲ ಇಲ್ಲವಲ್ಲ.

— ನಾನು ಬಾಲದಲ್ಲಿ ತಿರುಗುತ್ತೆ ಅಂದ್ಕೊಂಡಿದ್ದೆ.

— ನಾನೂ ಹಾಗೇ ಪಾಠ ಮಾಡಿದ್ದೆ. ಬಾಲವೇ ಇಲ್ಲದ ಮ್ಯಾಂಕ್ಸ್ ಅಂತ ಒಂದು ತಳಿ ಇದೆ, ಅದೂ ತಿರುಗುತ್ತೆ. ಮೇಲೆ ಯಾವುದು ಕೆಳಗೆ ಯಾವುದು ಅಂತ ಹೇಳೋದು ಒಳಗಿವಿ. ಹುಟ್ಟುತ್ತಲೇ ಬರೋ ವಿದ್ಯೆಯೂ ಅಲ್ಲ. ಮೂರ್ನಾಲ್ಕು ವಾರಕ್ಕೆ ಶುರುವಾಗಿ, ಆರೇಳು ವಾರಕ್ಕೆ ಪಳಗುತ್ತೆ. ಅಲ್ಲಿವರೆಗೆ ತಾಯಿ ಕತ್ತು ಕಚ್ಚಿ ಹೊತ್ತುಕೊಂಡು ಏಳು ಮನೆ ಸುತ್ತೋದು. ಮೇಲುಕೋಟೆ ಕಡೆಯ ಶ್ರೀವೈಷ್ಣವರು ಮಾರ್ಜಾಲ ನ್ಯಾಯ ಅಂತಾರಲ್ಲ, ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಎತ್ತಿಕೊಳ್ತಾಳೆ ಅಂತ. ಅದು ಏಳು ವಾರದವರೆಗಿನ ಸಿದ್ಧಾಂತ ಅಂತ ನನಗೆ ಈಗ ಅನ್ನಿಸ್ತಿದೆ. ಆಮೇಲೆ ಬೆಕ್ಕಿನದು ಅದೇ ನೋಡ್ಕೋಬೇಕು.

— ಸರಿ, ತಿರುಗ್ತು. ಕಾಲು ಕೆಳಗೆ ಬಂತು. ಆದ್ರೂ ಆರನೇ ಮಹಡಿ ಅಂದ್ರೆ ಆರನೇ ಮಹಡಿನೇ. ಏಟು ಎಲ್ಲಿಗೆ ಹೋಯ್ತು?

— ಲೆಕ್ಕ ಮಾಡೋಣ. ಒಂದು ಮಹಡಿ ಮೂರು ಮೀಟರ್. ಆರಕ್ಕೆ ಹದಿನೆಂಟು. ಕೆಳಗೆ ಬರೋಕೆ ಎರಡು ಸೆಕೆಂಡು. ನೆಲ ಮುಟ್ಟೋವಾಗ ವೇಗ ಗಂಟೆಗೆ ಸುಮಾರು 60 ಕಿ.ಮೀ.

— ಅರವತ್ತರಲ್ಲಿ ಬೈಕು ಗೋಡೆಗೆ ಹೊಡೆದರೆ ನನ್ನ ಹತ್ರ ತರೋ ಗಾಡಿ ಸ್ಥಿತಿ ನೋಡಿದ್ದೀನಿ. ಓಡಿಸೋನ ಸ್ಥಿತಿ ಹೇಳೋದೇ ಬೇಡ.

— ಬೈಕಿಗೂ ಬೆಕ್ಕಿಗೂ ತೂಕ ನೋಡು. ನಾಲ್ಕು ಕೆ.ಜಿ. ಹಾಲ್ಡೇನ್ ಅಂತ ಒಬ್ಬ ಬ್ರಿಟಿಷ್ ಜೀವವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಪ್ರಾಣಿಗಳ ಗಾತ್ರದ ಬಗ್ಗೆ ಅವನು 1926ರಲ್ಲಿ ಬರೆದ ಒಂದು ಪ್ರಬಂಧ ಇದೆ. ಆಳದ ಗಣಿಯೊಳಕ್ಕೆ ಸುಂಡಿಲಿ ಬಿದ್ದರೆ ಮೈ ಕೊಡವಿಕೊಂಡು ಹೋಗುತ್ತೆ, ಹೆಗ್ಗಣ ಸಾಯುತ್ತೆ, ಕುದುರೆಯ ಗತಿ ಕೇಳಬೇಡಿ ಅನ್ನೋ ಅರ್ಥದಲ್ಲಿ ಬರೀತಾನೆ. ನಮ್ಮ ಕಡೆಯವರು ಓದೋವಾಗ ಕೋಲಾರದ ಚಾಂಪಿಯನ್ ರೀಫ್ ಗಣಿಯನ್ನೇ ನೆನೆಸಿಕೊಳ್ಳಬೇಕು. ಅದು ಮೂರು ಕಿಲೋಮೀಟರ್‌ಗಿಂತ ಆಳ.

— ಚಿಕ್ಕದಾದ್ರೆ ಏಟು ಯಾಕೆ ಕಮ್ಮಿ?

— ಪ್ರಾಣಿಯ ಉದ್ದ, ಅಗಲ, ಎತ್ತರ ಹತ್ತು ಪಟ್ಟು ಆದರೆ ತೂಕ ಸಾವಿರ ಪಟ್ಟು ಆಗುತ್ತೆ. ಗಾಳಿಗೆ ಅಡ್ಡ ನಿಲ್ಲೋ ಮೈ ಮಾತ್ರ ನೂರೇ ಪಟ್ಟು. ದೊಡ್ಡದನ್ನ ಗಾಳಿ ತಡೆಯೋಕಾಗಲ್ಲ, ಚಿಕ್ಕದನ್ನ ತಡೆಯುತ್ತೆ. ಎಷ್ಟೇ ಎತ್ತರದಿಂದ ಬೀಳಲಿ, ಒಂದು ವೇಗ ಬಂದಮೇಲೆ ಗಾಳಿಯ ತಡೆಯೂ ಭೂಮಿಯ ಸೆಳೆತವೂ ಸಮ ಆಗುತ್ತೆ. ಅಲ್ಲಿಂದ ಮುಂದೆ ವೇಗ ಏರಲ್ಲ. ಬೆಕ್ಕಿಗೆ ಆ ಮಿತಿ ಗಂಟೆಗೆ 100 ಕಿ.ಮೀ. ಹತ್ತಿರ. ಮನುಷ್ಯನಿಗೆ ಹೆಚ್ಚುಕಮ್ಮಿ ಅದರ ಎರಡರಷ್ಟು.

— ಅಂದ್ರೆ ಬೆಕ್ಕಿಗೆ ಕಂಪನಿಯಿಂದಲೇ ಸ್ಪೀಡ್ ಗವರ್ನರ್ ಹಾಕಿ ಕಳಿಸಿದ್ದಾರೆ.

— ಶಾಕ್ ಅಬ್ಸಾರ್ಬರ್ ಕೂಡ. ಅದರ ಮುಂಗಾಲು ಎಲುಬಿನ ಗೂಡಿಗೆ ಬೋಲ್ಟ್ ಆಗಿಲ್ಲ ಕಣೋ. ನಮಗೆ ಕೊರಳೆಲುಬು ಎದೆಯ ಮೂಳೆಗೂ ಹೆಗಲಿಗೂ ಗಟ್ಟಿ ಸೇರಿಕೊಂಡಿದೆ. ಕೈ ಊರಿ ಬಿದ್ದರೆ ಅದೂ ಮುರಿಯಬಹುದು. ಬೆಕ್ಕಿಗೆ ಆ ಮೂಳೆ ಒಂದು ಚೂರು ಕಡ್ಡಿ, ಮಾಂಸದೊಳಗೆ ತೇಲ್ತಾ ಇರುತ್ತೆ. ಹೆಗಲನ್ನ ಹಿಡಿದಿರೋದು ಬರೀ ಸ್ನಾಯು. ನೆಲ ಮುಟ್ಟಿದಾಗ ಮೊಣಕಾಲು ಮಡಚಿ, ಹೆಗಲು ಮೇಲಕ್ಕೆ ಜಾರಿ, ಬೆನ್ನು ಬಳುಕಿ, ಏಟು ಹಂಚಿಹೋಗುತ್ತೆ.

— ಆದ್ರೂ ದವಡೆ ಸೀಳ್ತಲ್ಲ.

— ಶಾಕ್ ಅಬ್ಸಾರ್ಬರಿಗೂ ಒಂದು ಮಿತಿ ಇದೆಯಲ್ಲಪ್ಪ. ಅದು ಪೂರ್ತಿ ಕೂತಮೇಲೆ ಏನಾಗುತ್ತೆ?

— ಚಾಸಿ ಹೋಗಿ ಕುಟ್ಟುತ್ತೆ.

— ಎದೆ, ಗದ್ದ ನೆಲಕ್ಕೆ ಕುಟ್ಟುತ್ತೆ. ಅದಕ್ಕೇ ದವಡೆ, ಹಲ್ಲು, ಅಂಗುಳ, ಶ್ವಾಸಕೋಶ. ಎಲ್ಲಾ ಕಡೆ ಇದೇ ಕಥೆ. ಪಶುವೈದ್ಯರು ಇದಕ್ಕೆ ಹೈ-ರೈಸ್ ಸಿಂಡ್ರೋಮ್ ಅಂತಲೇ ಹೆಸರಿಟ್ಟಿದ್ದಾರೆ. 1984ರಲ್ಲಿ ಐದು ತಿಂಗಳ ಒಳಗೆ ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರಿಗೆ ಹೀಗೆ ಬಿದ್ದ 132 ಬೆಕ್ಕು ಬಂದವು. ವಿಟ್ನಿ, ಮೆಲ್ಹಾಫ್ ಅನ್ನೋ ಇಬ್ಬರು ವೈದ್ಯರು ಲೆಕ್ಕ ಬರೆದಿಟ್ಟು 1987ರಲ್ಲಿ ಪ್ರಕಟಿಸಿದರು. ಸರಾಸರಿ ಬಿದ್ದದ್ದು ಐದೂವರೆ ಮಹಡಿ. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90 ಬದುಕಿದವು. ಒಂದು ಬೆಕ್ಕು 32ನೇ ಮಹಡಿಯಿಂದ ಕಾಂಕ್ರೀಟಿನ ಮೇಲೆ ಬಿದ್ದಿತ್ತು. ಹಲ್ಲಿನ ಒಂದು ಚೂರು ಮುರಿದು, ಎದೆಯಲ್ಲಿ ಸ್ವಲ್ಪ ಗಾಳಿ ಸೇರಿತ್ತು, ಅಷ್ಟೇ. ಎರಡು ದಿನಕ್ಕೆ ಮನೆಗೆ ಹೋಯಿತು.

— ಮೂವತ್ತೆರಡು! ದೇವನಹಳ್ಳಿ ಕಡೆ ಅಷ್ಟೆತ್ತರದ್ದು ನಾನು ನೋಡೇ ಇಲ್ಲ.

— ಇನ್ನೂ ಸೋಜಿಗ ಕೇಳು. ಮಹಡಿ ಏರಿದ ಹಾಗೆ ಗಾಯ ಜಾಸ್ತಿ ಆಗ್ತಾ ಹೋಗುತ್ತೆ. ಏಳನೇ ಮಹಡಿವರೆಗೆ. ಅದಕ್ಕಿಂತ ಮೇಲಿಂದ ಬಿದ್ದ ಬೆಕ್ಕುಗಳಿಗೆ ಗಾಯ ಕಮ್ಮಿ ಅಂತ ಅವರ ಲೆಕ್ಕ.

— ಮೇಲಿಂದ ಬಿದ್ರೆ ಗಾಯ ಕಮ್ಮಿನಾ?

— ಅವರು ಕೊಟ್ಟ ಕಾರಣವೂ ಚೆನ್ನಾಗಿದೆ. ವೇಗ ಏರ್ತಾ ಇರೋವರೆಗೂ ಬೆಕ್ಕು ಗಾಬರಿಯಿಂದ ಕಾಲು ಸೆಟೆದುಕೊಂಡಿರುತ್ತೆ. ಮಿತಿ ಮುಟ್ಟಿದ ಮೇಲೆ ಬೀಳ್ತಿದ್ದೀನಿ ಅನ್ನೋದೇ ಒಳಗಿವಿಗೆ ತಿಳಿಯಲ್ಲ. ಆಗ ಮೈ ಸಡಿಲ ಬಿಟ್ಟು, ಕಾಲು ನಾಲ್ಕೂ ಅಗಲಿಸಿ, ಮಲೆನಾಡಿನ ಹಾರುಬೆಕ್ಕಿನ ಹಾಗೆ ಹರಡಿಕೊಳ್ಳುತ್ತೆ ಅಂತ.

— ಹಾರುಬೆಕ್ಕು ಬೆಕ್ಕಾ?

— ಅಳಿಲು. ಮುಂಗಾಲಿಂದ ಹಿಂಗಾಲಿಗೆ ಚರ್ಮದ ಪರದೆ ಇದೆ ಅದಕ್ಕೆ. ತೇಜಸ್ವಿಯವರ ಕರ್ವಾಲೊದಲ್ಲಿ ಹುಡುಕಿಕೊಂಡು ಹೋಗ್ತಾರಲ್ಲ, ಹಾರೋ ಓತಿ, ಅದಕ್ಕೂ ಪಕ್ಕೆಲುಬಿನ ಮೇಲೆ ಪರದೆ ಇರುತ್ತೆ. ಮನೆ ಬೆಕ್ಕಿಗೆ ಇರೋದು ಸಡಿಲ ಚರ್ಮ, ಕೂದಲು. ಅದರಲ್ಲಿ ತೇಲೋಕಾಗಲ್ಲ. ನಿಜ ಹೇಳಬೇಕು ಅಂದರೆ, ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಇದನ್ನ ಓದಿದಾಗ ‘ಅಯ್ಯೋ, ಮಗಳು ಹತ್ತನೇ ಮಹಡಿಯಲ್ಲಾದರೂ ಮನೆ ತಗೊಂಡಿದ್ದರೆ’ ಅನ್ನಿಸಿಬಿಟ್ಟಿತ್ತು.

— ಒಂದು ನಿಮಿಷ ಮೇಡಂ. ಆ ಲೆಕ್ಕ ಎಲ್ಲಿ ಬರೆದದ್ದು ಅಂದ್ರಿ?

— ಆಸ್ಪತ್ರೆಯಲ್ಲಿ.

— ಆಸ್ಪತ್ರೆಗೆ ಬಂದ ಬೆಕ್ಕುಗಳದ್ದು.

— ಹೂಂ.

— ಹಂಗಾದ್ರೆ ನನ್ನ ಗ್ಯಾರೇಜು ಲೆಕ್ಕನೇ ಅದು. ಈ ರೋಡಲ್ಲಿ ಆಕ್ಸಿಡೆಂಟ್ ಆದ ಗಾಡಿ ನನ್ನ ಹತ್ರ ಬರ್ತವೆ. ಬಂದದ್ದರಲ್ಲಿ ನೂರಕ್ಕೆ ತೊಂಬತ್ತು ರಿಪೇರಿ ಮಾಡಿ ಓಡಿಸ್ತೀನಿ. ಹಂಗಂತ ಆಕ್ಸಿಡೆಂಟ್ ಆದ ಗಾಡಿಯೆಲ್ಲಾ ಉಳಿತಾವೆ ಅನ್ನೋಕಾಗುತ್ತಾ? ಪೂರಾ ನಜ್ಜುಗುಜ್ಜಾದದ್ದನ್ನ ನನ್ನ ಹತ್ರ ಯಾರು ತರ್ತಾರೆ? ನೇರ ಗುಜರಿಗೆ ಹೋಗ್ತವೆ. ಹತ್ತನೇ ಮಹಡಿಯಿಂದ ಬಿದ್ದು ಅಲ್ಲೇ ಸತ್ತ ಬೆಕ್ಕನ್ನ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡ್ತಾರೆ. ಆಟೋದಲ್ಲಿ ಹಾಕ್ಕೊಂಡು ಡಾಕ್ಟರ ಹತ್ರ ಹೋಗ್ತಾರಾ?

— ...

— ಯಾಕೆ ಮೇಡಂ ಸುಮ್ಮನಾದ್ರಿ?

— ನನಗೆ ಇದು ಹೊಳೆಯೋಕೆ ನಾಲ್ಕು ದಿನ ಹಿಡೀತು. ಅದೂ ನನಗೇ ಹೊಳೆದದ್ದಲ್ಲ, ಆ ಲೆಕ್ಕವನ್ನ ಟೀಕಿಸಿದವರು ಬರೆದದ್ದನ್ನ ಓದಿ. ನಿನಗೆ ಜೆಟ್ಟು ಊದ್ತಾ ಊದ್ತಾ ಹೊಳೀತು. ಆ ಬೆತ್ತ ನಾನೇ ತಿನ್ನಬೇಕಿತ್ತು.

— ಗುಜರಿಯವನ ಹತ್ರ ಪಾರ್ಟು ತರೋಕೆ ಹೋಗ್ತಿರ್ತೀನಲ್ಲ, ಅಲ್ಲಿ ಕಾಣುತ್ತೆ.

— ಇದನ್ನೇ ಒಬ್ಬ ದೊಡ್ಡ ಗಣಿತಜ್ಞ ವಿಮಾನದ ವಿಷಯದಲ್ಲಿ ಹೇಳಿದ್ದ. ಅಬ್ರಹಾಂ ವಾಲ್ಡ್ ಅಂತ. ಹಿಟ್ಲರನ ಕಾಲದಲ್ಲಿ, 1938ರಲ್ಲಿ, ಆಸ್ಟ್ರಿಯಾ ಬಿಟ್ಟು ಅಮೆರಿಕಕ್ಕೆ ಹೋದ ಯಹೂದಿ. ಎರಡನೇ ಮಹಾಯುದ್ಧದ ಹೊತ್ತು ಇದೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೈನ್ಯಕ್ಕೆ ಲೆಕ್ಕ ಹಾಕಿ ಕೊಡ್ತಿದ್ದ. ಬಾಂಬ್ ಹಾಕಿ ವಾಪಸ್ ಬಂದ ವಿಮಾನಗಳ ರೆಕ್ಕೆ, ಮೈ ತುಂಬಾ ಗುಂಡಿನ ತೂತು. ಎಂಜಿನ್ನಿನ ಮೇಲೆ ಕಮ್ಮಿ. ಎಲ್ಲಿಗೆ ದಪ್ಪ ತಗಡು ಹೊಡೀಬೇಕು?

— ಎಂಜಿನ್ನಿಗೆ.

— ಯಾಕೋ? ತೂತು ಇರೋದು ರೆಕ್ಕೆಯಲ್ಲಿ.

— ಎಂಜಿನ್ನಿಗೆ ಬಿದ್ದವು ವಾಪಸ್ಸೇ ಬಂದಿಲ್ವಲ್ಲ. ಗುಜರಿಗೆ ಹೋಗಿದ್ದಾವೆ.

— ಅದೇ. ಅವನು ಅದನ್ನ ಗಣಿತದಲ್ಲಿ ಬರೆದುಕೊಟ್ಟ. ಆಮೇಲೆ ಏನಾಯ್ತು ಗೊತ್ತಾ? ಭಾರತ ಸರ್ಕಾರ ಉಪನ್ಯಾಸಕ್ಕೆ ಕರೆಸಿಕೊಂಡಿತ್ತು. 1950ರ ಡಿಸೆಂಬರ್ 13ರಂದು ಅವನೂ ಹೆಂಡತಿಯೂ ಇದ್ದ ವಿಮಾನ ನೀಲಗಿರಿಯಲ್ಲಿ, ರಂಗಸ್ವಾಮಿ ಬೆಟ್ಟದ ಹತ್ತಿರ ಬಿದ್ದುಹೋಯ್ತು.

— ನಮ್ಮ ಬಡಗರ ನೀಲಗಿರಿಯಲ್ಲಾ?

— ಅಲ್ಲೇ. ನಲವತ್ತೆಂಟು ವಯಸ್ಸು.

— ಛೇ.

ತಲೆಯ ಮೇಲೆ ದೇವನಹಳ್ಳಿಗೆ ಇಳಿಯುವ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಹೋಯಿತು. ಬೆಕ್ಕು ತಲೆ ಎತ್ತಿ ನೋಡಿ ಮತ್ತೆ ಕಾಲು ನೆಕ್ಕತೊಡಗಿತು.

— ಹಂಗಾದ್ರೆ ನ್ಯೂಯಾರ್ಕಿನವರ ಲೆಕ್ಕ ಸುಳ್ಳಾ ಮೇಡಂ?

— ಲೆಕ್ಕ ಸುಳ್ಳಲ್ಲ. ಬಂದ ಬೆಕ್ಕುಗಳ ಮಟ್ಟಿಗೆ ನಿಜ. ಅದನ್ನ ‘ಎತ್ತರ ಇದ್ದಷ್ಟೂ ಕ್ಷೇಮ’ ಅಂತ ಓದಿಕೊಂಡವರದು ತಪ್ಪು. 2004ರಲ್ಲಿ ಕ್ರೊವೇಷಿಯಾದ ಝಾಗ್ರೆಬ್‌ನಲ್ಲಿ 119 ಬೆಕ್ಕುಗಳ ಲೆಕ್ಕ ಬಂತು. ಅಲ್ಲಿ ಏಳನೇ ಮಹಡಿ, ಅದಕ್ಕಿಂತ ಮೇಲಿಂದ ಬಿದ್ದವಕ್ಕೆ ಗಾಯ ಇನ್ನೂ ಜೋರು, ಅದರಲ್ಲೂ ಎದೆಗೆ. ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷವೂ ತುಂಬದ ಬೆಕ್ಕುಗಳು. ನಮ್ಮನೆಯದಕ್ಕೂ ಹನ್ನೊಂದು ತಿಂಗಳು.

— ಉಳಿದದ್ದರದ್ದೇ ಕಥೆ ಆಗೋದು. ನಮ್ಮ ಶಿವಗಂಗೆ ಮೇಲೆ ಮಾತ್ರ ಉಲ್ಟಾ. ಅಲ್ಲಿ ರಾಣಿ ಶಾಂತಲೆ ಬಿದ್ದ ಜಾಗ ಅಂತ ತೋರಿಸ್ತಾರೆ. ಬಿದ್ದದ್ದೇ ಕಥೆ.

— ಶಾಸನದಲ್ಲಿ ಬಿದ್ದದ್ದು ಇಲ್ಲ ಕಣೋ. 1131ರಲ್ಲಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು ಅಂತಷ್ಟೇ ಇದೆ. ಬಂಡೆ ಕಡಿದಾಗಿ ಕಂಡಿತು, ಜನ ರಾಣಿಯನ್ನ ಅಲ್ಲಿಂದ ಬೀಳಿಸಿಬಿಟ್ಟರು.

— ಬೆಟ್ಟದ ಮೇಲೆ ಕೋತಿ ಇದ್ದಾವೆ, ಬೆಕ್ಕು ಕಂಡಿಲ್ಲ ನಾನು.

— ಬೆಕ್ಕು ಬೆಟ್ಟಕ್ಕೆ ಹುಟ್ಟಿದ್ದಲ್ಲ, ಮರಕ್ಕೆ ಹುಟ್ಟಿದ್ದು. ಕೊಂಬೆಯ ಮೇಲೆ ಹಕ್ಕಿಗೆ ಹೊಂಚು ಹಾಕಿ, ಕಾಲು ಜಾರಿದರೆ ಹದಿನೈದು ಇಪ್ಪತ್ತು ಅಡಿ, ಕೆಳಗೆ ತರಗು, ಹುಲ್ಲು, ಮಣ್ಣು. ಅಷ್ಟಕ್ಕೆ ಸಾಕಾಗೋ ಹಾಗೆ ಆ ಶಾಕ್ ಅಬ್ಸಾರ್ಬರು. ನನ್ನ ಹಳೇ ಮನೆಯಲ್ಲಿ ಅಟ್ಟ, ತೊಲೆ, ಹೆಂಚು, ಹಿತ್ತಲ ಹುಣಸೆಮರ. ಎಲ್ಲಿಂದ ಬಿದ್ದರೂ ಅದರ ಲೆಕ್ಕದೊಳಗೇ ಇತ್ತು. ನಾನು ಒಂದು ದಿನವೂ ಅದು ಎಲ್ಲಿ ಹತ್ತಿದೆ ಅಂತ ಹುಡುಕಿದವಳಲ್ಲ. ಫ್ಲಾಟಿಗೆ ಕರೆದುಕೊಂಡು ಹೋದಾಗ ಆ ಅಭ್ಯಾಸ ನನ್ನ ಜೊತೆಗೇ ಬಂತು.

— ಅಲ್ಲಿ ಪಾರಿವಾಳದ ನೆಟ್ಟು ಹಾಕಿರ್ತಾರಲ್ಲ ಮೇಡಂ? ಎಲ್ಲಾ ಫ್ಲಾಟಿಗೂ ಹಾಕಿರ್ತಾರೆ.

— ಹಾಕಿತ್ತು.

— ಮತ್ತೆ?

— ಒಂದು ಮೂಲೆಯಲ್ಲಿ ನಾನೇ ಕತ್ತರಿಸಿದ್ದೆ. ಒಣಗಲು ಹಾಕಿದ ಟವೆಲ್ಲು ಗಾಳಿಗೆ ಹಾರಿ ನೆಟ್ಟಿನಾಚೆ ಸಿಕ್ಕಿಕೊಂಡಿತ್ತು. ಕೈ ತೂರಿಸಿ ಎಳೆಯೋಕೆ ಎರಡು ಎಳೆ ಕತ್ತರಿಸಿದೆ. ಅಂಗೈ ಅಗಲ, ಅಷ್ಟೇ.

— ಅಂಗೈ ಅಗಲದಲ್ಲಿ ಬೆಕ್ಕು ತೂರುತ್ತಾ?

— ತಲೆ ಹೋದರೆ ಮೈ ಹೋಗುತ್ತೆ. ಹೆಗಲಿಗೆ ಅಡ್ಡ ಮೂಳೆ ಇಲ್ಲ ಅಂದೆನಲ್ಲ. ಅದೇ ಕಾರಣ.

— ಅಂದ್ರೆ ಅದೇ ಸಡಿಲ ಹೆಗಲು ಮೇಲಿಂದ ಆಚೆ ಹೋಗೋಕೆ ಬಿಡ್ತು, ಅದೇ ಕೆಳಗೆ...

— ಹೂಂ. ಮಗಳಿಗೆ ಇನ್ನೂ ಹೇಳಿಲ್ಲ. ನೆಟ್ಟಿನವನು ಸರಿಯಾಗಿ ಕಟ್ಟಿಲ್ಲ ಅಂತ ಅವನನ್ನ ಬೈಯ್ತಾ ಇದ್ದಾಳೆ. ನಾನು ಸುಮ್ಮನಿದ್ದೀನಿ.

— ಹೇಳಿಬಿಡಿ ಮೇಡಂ.

— ಹೇಳ್ತೀನಿ. ದವಡೆಯ ತಂತಿ ಬಿಚ್ಚಲಿ.

— ಗಾಡಿ ಸ್ಟಾರ್ಟ್ ಮಾಡಿ ನೋಡಿ. ಕಿಕ್ ಹೊಡೀರಿ. ಇನ್ನೊಂದ್ಸಲ. ಹಾಂ, ಬಂತು. ಜೆಟ್ಟಲ್ಲಿ ಕಸ ಕೂತಿತ್ತು.

— ಎಷ್ಟಾಯ್ತು?

— ಮುನ್ನೂರು ಕೊಡಿ. ತಾಳಿ, ಇದನ್ನ ತಗೊಂಡು ಹೋಗಿ. ಬೈಂಡಿಂಗ್ ವೈರು. ನೆಟ್ಟಿನ ತೂತಿಗೆ ಅಡ್ಡಡ್ಡ ನಾಲ್ಕು ಸುತ್ತು ಹೆಣೆದು, ತುದಿ ಒಳಕ್ಕೆ ಮಡಚಿ, ಇಲ್ಲಾಂದ್ರೆ ಕೈ ಗೀರುತ್ತೆ. ಪ್ಲಯರ್ ಇದೆಯಾ ಮನೇಲಿ?

— ಇಲ್ಲ.

— ಇದನ್ನೂ ಇಟ್ಕೊಳ್ಳಿ. ವಾಪಸ್ ತಂದ್ಕೊಡಿ ಮತ್ತೆ, ಕೆಲಸಕ್ಕೆ ಇದೊಂದೇ ಇರೋದು.

— ಸೋಮವಾರ ತರ್ತೀನಿ. ಅಲ್ಲಿ ನೋಡು, ನಿನ್ನ ಬೆಕ್ಕು ಮತ್ತೆ ತಗಡು ಹತ್ತಿತು.

— ಹತ್ತಲಿ ಬಿಡಿ ಮೇಡಂ. ಹನ್ನೆರಡೇ ಅಡಿ.